ಎಡಗಿವಿಯ ಗಿರಣಿ

ಜ್ವರ ಬಂದರೆ ಹಣೆ ಮುಟ್ಟಿಸಬಹುದು, ಕಾಲು ಬಾತರೆ ಸೀರೆಯ ಅಂಚು ತುಸು ಎತ್ತಿ ತೋರಿಸಬಹುದು. ಕಿವಿಯಲ್ಲಿ ಸದ್ದಾಗುತ್ತದೆ ಎಂದರೆ ಏನನ್ನು ತೋರಿಸುವುದು? ನಾನು ಮೂಡಲಗಿಗೆ ಸೊಸೆಯಾಗಿ ಬಂದ ಹೊಸತರಲ್ಲಿ ಒಮ್ಮೆ ನೆಗಡಿ ಬಂತು. ಹೋಗುವಾಗ ಎಡಗಿವಿಯಲ್ಲೊಂದು ಸಣ್ಣ ಗಿರಣಿ ಹೂಡಿ ಹೋಯಿತು. ಹಗಲೆಲ್ಲ ಮನೆಯ ಗದ್ದಲದಲ್ಲಿ ಅದು ಮುಚ್ಚಿಹೋಗುತ್ತಿತ್ತು. ನಸುಕಿನಲ್ಲಿ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕುಳಿತರೆ ಸಾಕು, ಗುಂಯ್ ಎಂದು ಶುರು. ಆ ತುಂಬಿದ ಮನೆಯಲ್ಲಿ ನನ್ನದೆಂಬ ನಿಶ್ಶಬ್ದ ಇದ್ದದ್ದು ಅಷ್ಟು ಹೊತ್ತು ಮಾತ್ರ. ಅದೂ ಹೋಯಿತಲ್ಲ ಎಂದು ಅಳು ಬರುತ್ತಿತ್ತು.

ನಾನಾದರೂ ಸುಮ್ಮನಿದ್ದೆನೆ? ನೀರಿಗೆ ಹೋದಲ್ಲಿ, ಬೀಸುವಲ್ಲಿ, ಎಲ್ಲರಿಗೂ ಹೇಳಿದೆ. ಸುದ್ದಿ ಬೆಲ್ಲದ ಬಾಗೇವಾಡಿಯ ನನ್ನ ತವರಿಗೂ ಮುಟ್ಟಿತು. ಅಲ್ಲಿಂದ ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ಬಂತು. ಮಾತು ಕಡಿಮೆಯ ನಮ್ಮ ಅತ್ತೆಯವರು ಮಾತ್ರ ಒಂದು ದಿನ ಹಚ್ಚೆ ಹಾಕುವವಳನ್ನು ಕರೆಸಿ, ಕಿವಿಯ ಹಿಂದೆ ಎಲ್ಲೆಲ್ಲಿ ಸೂಜಿ ಚುಚ್ಚಬೇಕೆಂದು ತಾವೇ ಬೆರಳಿಟ್ಟು ತೋರಿಸಿದರು. ಹಸಿರು ಚುಕ್ಕೆಗಳು ಮೂಡಿದವು, ಕಿವಿ ಬದನೆಕಾಯಿಯಂತೆ ಊದಿತು, ಗಿರಣಿ ನಿಲ್ಲಲಿಲ್ಲ.

ಆಮೇಲೆ ನಮ್ಮ ಮನೆಯವರ ಸರದಿ. ಗೋಕಾಕದಲ್ಲಿ ಒಬ್ಬ ಕರೆಂಟಿನ ಪೆಟ್ಟಿಗೆ ಇಟ್ಟುಕೊಂಡು ಬೇನೆ ಕಳೆಯುತ್ತಾನೆಂದು ಅವರು ಕೇಳಿ ಬಂದಿದ್ದರು. ಕರೆಂಟು ಗೋಕಾಕದ ಅಷ್ಟು ದೊಡ್ಡ ನೂಲಿನ ಗಿರಣಿಯನ್ನೇ ನಡೆಸುವಾಗ ನಿನ್ನ ಸಣ್ಣದನ್ನು ನಿಲ್ಲಿಸಲಾರದೇ ಎಂಬುದು ಅವರ ವಾದ. ಚಕ್ಕಡಿ ಹೂಡಿದರು. ಅತ್ತೆಯವರೂ ಹತ್ತಿ ಕುಳಿತರು.

ಪೆಟ್ಟಿಗೆಯವನು ಮೈಮೇಲಿನ ಲೋಹವನ್ನೆಲ್ಲ ತೆಗೆಯಲು ಹೇಳಿದ. ಮೂಗುತಿ ತೆಗೆದೆ, ಕಾಲುಂಗುರ ತೆಗೆದೆ. ಅವನು ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಗೆ ಕೈ ತೋರಿಸಿದಾಗ ಅದನ್ನು ಎರಡೂ ಕೈಯಲ್ಲಿ ಮುಚ್ಚಿ ಹಿಡಿದೆ. ಅದರೊಳಗೆ ಲಿಂಗವಿದೆ, ದೀಕ್ಷೆಯಾದಂದಿನಿಂದ ಮೈ ಬಿಟ್ಟು ಅಗಲಿದ್ದಲ್ಲ.

"ಕಿವಿ ಹಿಂಗ ಇರಲಿ, ಮನಿಗೆ ನಡೀರಿ" ಎಂದೆ.

ಅತ್ತೆಯವರು ಮಡಿಯ ಅರಿವೆಯ ತುಂಡೊಂದನ್ನು ಸೊಂಟದಿಂದ ತೆಗೆದು, ಲಿಂಗವನ್ನು ಅದರಲ್ಲಿ ಕಟ್ಟಿ ನನ್ನ ಕೊರಳಿಗೇ ಹಾಕಿ, ಬರಿದಾದ ಕರಡಿಗೆಯನ್ನು ತಾವು ಹಿಡಿದುಕೊಂಡರು. ಮನೆಯಿಂದ ಹೊರಡುವಾಗಲೇ ಅವರಿಗೆ ಇದು ಹೊಳೆದಿತ್ತು.

ಅವನು ನನ್ನ ಕೈಗೊಂದು ಹಿತ್ತಾಳೆಯ ಹಿಡಿಕೆ ಕೊಟ್ಟು, ಕಿವಿಯ ಹಿಂದೆ ಒದ್ದೆ ಅರಿವೆ ಸುತ್ತಿದ ತಂತಿ ಒತ್ತಿ, ಪೆಟ್ಟಿಗೆಯ ಹಿಡಿ ತಿರುವಿದ. ಮೈತುಂಬ ಕೆಂಜಿಗ ಹರಿದಂತಾಯಿತು. ನಾನು ಅಲುಗಬಾರದೆಂದು ಭುಜ ಹಿಡಿದು ನಿಂತ ನಮ್ಮ ಮನೆಯವರೂ ಜಿಗಿದು ಗೋಡೆಗೆ ಹೋಗಿ ಬಡಿದರು. ನನ್ನ ಕಿವಿ ಹಾಗೆಯೇ ಉಳಿಯಿತು. ಅವರ ಹಳೆಯ ಹೆಗಲುನೋವು ಮಾತ್ರ ಹೋಯಿತಂತೆ. ಶಿವನು ಕೊಟ್ಟದ್ದು ಯಾರಿಗೆ ಕೊಟ್ಟರೇನು, ಮನೆಯೊಳಗೇ ಉಳಿಯಿತು.

ತಿರುಗಿ ಬರುವಾಗ ಅವರು ಎತ್ತಿನ ಮಗ್ಗುಲಲ್ಲಿ ನಡೆಯುತ್ತ ತೋಳು ತಿರುಗಿಸಿ ನೋಡಿಕೊಳ್ಳುತ್ತಿದ್ದರು. ನಾನು ಚಕ್ಕಡಿಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದೆ. ಅತ್ತೆಯವರು ಎಂದೂ ಸರಿಸದ ಸೆರಗು ಸರಿಸಿ ಕಿವಿ ಬಾಗಿಸಿದರು. ಅದರ ಹಿಂದೆಯೂ ನನ್ನಂಥವೇ ಹಸಿರು ಚುಕ್ಕೆಗಳು, ಮಾಸಿದ್ದವು.

"ನನಗೂ ಐತಿ. ನಿನ್ನ ಗಂಡ ತೊಟ್ಟಿಲದಾಗ ಇದ್ದಾಗಿಂದ."

"ಮತ್ತ ಆ ಸೂಜಿ ನನಗ್ಯಾಕ ಚುಚ್ಚಿಸಿದ್ರಿ ಅತ್ತಿ?"

"ನನಗಂತೂ ಗುಣಾ ಆಗಲಿಲ್ಲ. ನಿನಗರೆ ಆದೀತೇನಂತ ನೋಡಿದೆ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪೂಜೆಯನ್ನು ಹೇಗೆ ಮಾಡುತ್ತೀರಿ ಎಂದು ಕೇಳಿದೆ.

"ಅದು ಅದರ ಕೆಲಸಾ ಮಾಡತೈತಿ, ನಾ ನನ್ನ ಕೆಲಸಾ ಮಾಡತೇನಿ. ಬಾಜೂ ಮನ್ಯಾಗ ಬೀಸಾಕತ್ತಿದ್ರ ನೀ ರೊಟ್ಟಿ ಬಡಿಯೂದು ಬಿಡತೀಯೇನು?"

ಮರುದಿನದಿಂದ ಪೂಜೆಗೆ ಅವರ ಮಗ್ಗುಲಲ್ಲೇ ಕುಳಿತೆ. ಇಬ್ಬರ ಗಿರಣಿಗಳೂ ತಮ್ಮಷ್ಟಕ್ಕೆ ನಡೆದಿದ್ದವು. ಕಳೆದುಕೊಂಡ ನಿಶ್ಶಬ್ದ ತಿರುಗಿ ಬರಲಿಲ್ಲ. ಅದರ ಬದಲಿಗೆ ಜೊತೆ ಸಿಕ್ಕಿತು. ಅವರು ಲಿಂಗೈಕ್ಯರಾಗುವವರೆಗೂ ಆ ನಸುಕುಗಳು ನನ್ನವಾಗಿದ್ದವು. ಈಗಲೂ ಕುಳಿತರೆ ಮಗ್ಗುಲಲ್ಲಿ ಜಾಗ ಬಿಟ್ಟೇ ಕೂಡುತ್ತೇನೆ.

ಇಷ್ಟು ವರ್ಷ ಯಾರಿಗೂ ಯಾಕೆ ಹೇಳಲಿಲ್ಲ ಎಂದು ಒಮ್ಮೆ ಅವರನ್ನು ಕೇಳಿದ್ದೆ. "ನೀ ಊರಿಗೆಲ್ಲಾ ಹೇಳಿದಿ, ನಾ ಶಿವಗ ಅಷ್ಟ ಹೇಳಿದೆ. ಇಬ್ಬರಿಗೂ ಗುಣಾ ಆದದ್ದು ಅಷ್ಟರಾಗ ಐತಿ" ಎಂದಿದ್ದರು. ನಾಚಿಕೆಯಾಗಿ, ಇನ್ನು ಈ ಕಿವಿಯ ವಿಷಯವನ್ನು ಯಾರ ಮುಂದೆಯೂ ಎತ್ತುವುದಿಲ್ಲವೆಂದು ಅಂದೇ ನಿಶ್ಚಯಿಸಿದೆ. ಆ ನಿಶ್ಚಯ ಎಷ್ಟು ಗಟ್ಟಿಯದೆಂಬುದು ಇಲ್ಲಿಯವರೆಗೆ ಓದಿದ ನಿಮಗೆ ಗೊತ್ತಾಗಿರಬೇಕು.