ಉಚ್ಚಂಗಪ್ಪನ ನಾಲಿಗೆ

ಶಿಕಾರಿಪುರದ ಆ ಬೀದಿಯಲ್ಲಿ ಯಾರ ಮನೆಯ ಮದುವೆಯಾದರೂ ಸಾರಿನ ಮೊದಲ ಹನಿ ಉಚ್ಚಂಗಪ್ಪನ ಅಂಗೈಗೆ ಬೀಳಬೇಕು. ಅವನು ನೆಕ್ಕಿ, ಕಣ್ಣು ಮುಚ್ಚಿ, "ಇಳಿಸ್ರಿ" ಎಂದ ಮೇಲೆಯೇ ಅಡುಗೆಯ ಜಯಪ್ಪ ಕೊಪ್ಪರಿಗೆ ಇಳಿಸುತ್ತಿದ್ದ. ಹಾಸ್ಟೆಲ್ ವಾರ್ಡನ್ ಕೆಲಸದಿಂದ ನಿವೃತ್ತನಾದವನಿಗೆ ಉಳಿದಿದ್ದ ಅಧಿಕಾರ ಅದೊಂದೇ.

ಈ ನಾಲಿಗೆಯ ಕೀರ್ತಿ ಸೊರಬಕ್ಕೂ ಮುಟ್ಟಿದ್ದು ತಪ್ಪಾಯಿತು. ಅಲ್ಲಿ ವೈನ್ ಅಂಗಡಿ ತೆರೆಯಲಿದ್ದ ಅಕ್ಕನ ಮಗ ಶ್ರೀನಿವಾಸ, ಒಂದು ಬೆಳಿಗ್ಗೆ ಮುನ್ನೂರು ರೂಪಾಯಿ ಒಳಗಿನ ಕೆಂಪು ವೈನಿನ ಬಾಟಲಿಯೊಂದನ್ನು ತಂದಿಟ್ಟ. ಕುಡಿಯುವುದು ಬೇಡ, ಬಾಯಲ್ಲಿ ಆಡಿಸಿ ಉಗುಳಿ, ಚೆನ್ನಾಗಿದೆಯೋ ಇಲ್ಲವೋ ಹೇಳಿದರೆ ಸಾಕು ಎಂದು ಬಸ್ಸು ಹತ್ತಿದ.

ಮರುದಿನವೇ ಎದುರುಮನೆ ಲೋಕಮ್ಮನ ಮಗಳ ಮದುವೆ. ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಾಡಿ ಎಂದು ಹೆಂಡತಿ ವರದಮ್ಮ ಬೇಡಿಕೊಂಡಳು. ಉಚ್ಚಂಗಪ್ಪ ಸಿಡಿದ. "ನಾನೇನು ಕಳ್ಳನೇನೇ? ನಾಲಿಗಿ ನಂದು, ಜಗಲಿ ನಂದು."

ಜಗಲಿಯ ಮೇಲೆ ಕುರ್ಚಿ, ಗಾಜಿನ ಲೋಟ, ಉಗುಳಲು ಬಕೆಟ್ಟು. ಒಂದು ಗುಟುಕು ಬಾಯಲ್ಲಿ ಗಳಗಳ ಆಡಿಸಿದ. ಮೊದಲು ನೇರಳೆ, ನಡುವೆ ಹುಣಸೆ, ಕೊನೆಗೆ ತೊಳೆಯದ ಕಬ್ಬಿಣದ ಬಾಣಲೆ. ಬೆಲೆಗೆ ಮೋಸವಿಲ್ಲ ಎಂದು ತೀರ್ಮಾನಿಸಿ ಉಗುಳಿದ.

ಲೋಕಮ್ಮ ನೋಡಿದಳು. ಕಾಲು ಗಂಟೆಯೊಳಗೆ ಅರ್ಧ ಬೀದಿ ಜಗಲಿ ಮುಂದಿತ್ತು, ಜೊತೆಗೆ ಜಯಪ್ಪನೂ. ರುಚಿಯಷ್ಟೇ ನೋಡಿದ್ದೆಂದರೆ ಯಾರೂ ನಂಬಲಿಲ್ಲ. ಉಗುಳುವುದಕ್ಕೆಂದು ಯಾರಾದರೂ ಕುಡಿಯುತ್ತಾರೆಯೇ? ಜಯಪ್ಪ ತಲೆ ತಗ್ಗಿಸಿ ಹೇಳಿದ, "ಕುಡಿದ ಬಾಯಿಗೆ ಮದುವಿ ಸಾರು ಹಾಕಂಗಿಲ್ರಿ, ತಪ್ಪು ತಿಳೀಬ್ಯಾಡ್ರಿ."

ಆಗ ವರದಮ್ಮ ಹೊರಗೆ ಬಂದಳು.

"ವೈನು ಬೆಳಿಗ್ಗೇನೇ ಚರಂಡಿಗೆ ಚೆಲ್ಲೀನಿ. ಬಾಟ್ಲಿಯಾಗೆ ಇರೋದು ಮುರುಗಲು ಹಣ್ಣಿನ ಕೆಂಪು ಶರಬತ್ತು."

ಬೀದಿ ಗೊಳ್ಳೆಂದು ನಕ್ಕಿತು. ಮೂಸಿ ನೋಡಲು ಮಾತ್ರ ಯಾರೂ ಮುಂದೆ ಬರಲಿಲ್ಲ. ವಾಸನೆ ಗುರುತು ಹಿಡಿದರೆ ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾರಲ್ಲ. ಲೋಕಮ್ಮ ಸಮಾಧಾನದಿಂದ ಹೊರಟಳು. ವಿಷಯ ಅಲ್ಲಿಗೇ ಮುಗಿಯುತ್ತಿತ್ತು, ಜಯಪ್ಪ ಕನಿಕರದಿಂದ ಇನ್ನೊಂದು ಮಾತು ಆಡದಿದ್ದರೆ. "ವಯಸ್ಸಾತಲ್ರಿ ಅಣ್ಣಾರೆ. ಶರಬತ್ತಿಗೂ ವೈನಿಗೂ ಫರಕು ತಿಳೀಲಿಲ್ಲ, ಪಾಪ."

ಕುಡುಕ ಎಂದಿದ್ದನ್ನು ತಡೆದುಕೊಂಡಿದ್ದ ಉಚ್ಚಂಗಪ್ಪ ಇದನ್ನು ತಡೆದುಕೊಳ್ಳಲಿಲ್ಲ. ವರದಮ್ಮ ಕಣ್ಣಿನಲ್ಲೇ ಬೇಡವೆಂದಳು. ಅವನು ನೋಡಲೊಲ್ಲ.

"ಇದು ವೈನೇ. ಎಲ್ರೂ ಇಲ್ಲೇ ಕುಂದರ್ರಿ, ತೋರಿಸ್ತೀನಿ."

ಬಾಟಲಿಯನ್ನೇ ಎತ್ತಿ ಗಟಗಟ ಕುಡಿದ. ಈ ಸಲ ಒಂದು ಹನಿಯನ್ನೂ ಉಗುಳಲಿಲ್ಲ. ಬೀದಿ ಕಾಯುತ್ತಾ ಕುಳಿತಿತು. ಮುಕ್ಕಾಲು ಗಂಟೆಯ ಮೇಲೆ ಉಚ್ಚಂಗಪ್ಪ ತೀರ್ಪು ಹೇಳಲು ಎದ್ದು, ಜಗಲಿಯ ಕಂಬವನ್ನು ಬಿಗಿಯಾಗಿ ತಬ್ಬಿಕೊಂಡ. ಅದರೆದುರು ತೊಂಬತ್ತೆಂಟನೇ ಇಸವಿಯ ಹಾಸ್ಟೆಲ್ ಹುಡುಗರ ಹಾಜರಿ ಕೂಗಿದ. ಅವನ ನಾಲಿಗೆಯ ಬಗ್ಗೆ ಇನ್ನು ಯಾರಿಗೂ ಅನುಮಾನ ಉಳಿಯಲಿಲ್ಲ.

"ನಿಮ್ಮ ಮಾನ ಉಳೀಲಿ ಅಂತ ಸುಳ್ಳು ಹೇಳಿದ್ದೆ," ಎಂದು ವರದಮ್ಮ ಹಣೆ ಚಚ್ಚಿಕೊಂಡಳು.

ಮರುದಿನ ಜಯಪ್ಪ ಸಾರಿನ ಮೊದಲ ಹನಿಯನ್ನು ವರದಮ್ಮನ ಅಂಗೈಗೆ ಹಾಕಿದ. ಆಕೆ ನೆಕ್ಕಿ, "ಸರಿ ಐತಿ, ಇಳಿಸ್ರಿ" ಎಂದಳು. ಎದುರಿಗೆ ತನ್ನ ಮನೆಯಲ್ಲಿ ತಲೆನೋವಿಗೆ ಟವೆಲ್ ಕಟ್ಟಿಕೊಂಡು ಮಲಗಿದ್ದ ಉಚ್ಚಂಗಪ್ಪನಿಗೆ ಬರೀ ವಾಸನೆಯಲ್ಲೇ ಗೊತ್ತಾಯಿತು, ಇಂಗು ಜಾಸ್ತಿಯಾಗಿದೆ. ಅವನನ್ನು ಯಾರೂ ಕೇಳಲಿಲ್ಲ.