ಜಗಳೂರಿನ ದಾರಿಯಲ್ಲಿ ಮಾತ್ರ ಬರುವ ಜ್ವರ

ನಮ್ಮ ಸೋದರಮಾವನ ಮನೆಯಲ್ಲಿ ಮನುಷ್ಯರಿಗೆ ಜ್ವರ ಬಂದರೆ ಒಂದು ಲೋಟ ಕಷಾಯ ಕೊಟ್ಟು ಮಲಗಿಸುತ್ತಾರೆ. ಕಾರಿಗೆ ಬಂದರೆ ಇಡೀ ನ್ಯಾಮತಿಗೇ ಸುದ್ದಿಯಾಗುತ್ತದೆ! ಮಾವ ಕಾರಿನ ಬೆನ್ನ ಮೇಲೆ ಅಂಗೈ ಮಗುಚಿಟ್ಟು, ಕಣ್ಣು ಮುಚ್ಚಿ, "ಸ್ವಲ್ಪ ಮೈ ಬೆಚ್ಚಗೈತೆ" ಎನ್ನುವುದನ್ನು ನೀವು ನೋಡಬೇಕು. ಅತ್ತೆಗೆ ಒಮ್ಮೆ ಚಳಿಜ್ವರ ಬಂದಾಗಲೂ ಹೀಗೆಯೇ ಹಣೆ ಮುಟ್ಟಿ, "ಆಯಿಲ್ ನೋಡ್ಬೇಕು" ಎಂದುಬಿಟ್ಟರಂತೆ. ಇದು ಅತ್ತೆಯೇ ಹೇಳಿದ್ದು. ಅತ್ತೆ ಸುಳ್ಳು ಹೇಳುವವರಲ್ಲ, ಸ್ವಲ್ಪ ಒಗ್ಗರಣೆ ಹಾಕುತ್ತಾರೆ, ಅಷ್ಟೆ.

ಕಾರು ಮಾವನಷ್ಟೇ ಹಳೆಯದು, ಮಾವನಷ್ಟೇ ಗುಂಡಗಿದೆ. ದೂರದಿಂದ ನೋಡಿದರೆ ಬೋರಲು ಹಾಕಿದ ಬೋಗುಣಿ. ಅದರದು ಎಲ್ಲವೂ ಉಲ್ಟಾ: ಸಾಮಾನಿಡುವ ಡಿಕ್ಕಿ ಮುಂದೆ, ಎಂಜಿನ್ ಹಿಂದೆ! ರೇಡಿಯೇಟರ್ ಇಲ್ಲವೇ ಇಲ್ಲ, ತೊಟ್ಟು ನೀರೂ ಬೇಡ. ಒಳಗೊಂದು ಫ್ಯಾನು ಹೊರಗಿನ ಗಾಳಿಯನ್ನೆಳೆದು ಎಂಜಿನ್ನಿನ ಮೈಗೆ ಬೀಸುತ್ತಿದ್ದರಾಯಿತು. "ಗಾಳಿ ಕುಡಿದು ಬದುಕೋ ಋಷಿ ಕಣೋ ಇದು" ಎಂದು ಮಾವ ಕೈಮುಗಿಯುತ್ತಾರೆ. ಪೆಟ್ರೋಲ್ ಮಾತ್ರ ಈ ಋಷಿ ಬಕಾಸುರನಂತೆ ಕುಡಿಯುತ್ತದೆ, ಆ ಮಾತು ಬೇರೆ.

ಅಡಿಕೆ ವ್ಯಾಪಾರಕ್ಕೆಂದು ಮಾವ ಇದೇ ಕಾರಿನಲ್ಲಿ ಹೊನ್ನಾಳಿಗೆ ಹೋಗುತ್ತಾರೆ, ಚನ್ನಗಿರಿಗೆ ಹೋಗುತ್ತಾರೆ. ಎಲ್ಲೂ ಕೆಮ್ಮಿಲ್ಲ, ದಮ್ಮಿಲ್ಲ. ಆದರೆ ಅತ್ತೆಯ ತವರಾದ ಜಗಳೂರಿಗೆ ಹೊರಟರೆ ಮಾತ್ರ ದಾವಣಗೆರೆ ದಾಟುವಷ್ಟರಲ್ಲಿ ಕಾದ ಎಣ್ಣೆಯ ವಾಸನೆ ಬರುತ್ತದೆ, ಸ್ಟಿಯರಿಂಗ್ ಎದುರಿನ ಎಚ್ಚರಿಕೆಯ ಕೆಂಪು ದೀಪ ಕಣ್ಣು ಮಿಟುಕಿಸುತ್ತದೆ, ಕಾರು ಏದುಸಿರು ಬಿಡುತ್ತ ಬೇವಿನ ನೆರಳು ಹುಡುಕುತ್ತದೆ. ಅತ್ತೆ ಸಿಟ್ಟಿನಿಂದ ಇಳಿಯುವುದೇ ಇಲ್ಲ. ಮಾವ ಹಿಂದೆ ಹೋಗಿ ಎಂಜಿನ್ನಿನ ಮುಚ್ಚಳವೆತ್ತಿ ಅದರ ಮರೆಯಲ್ಲಿ ತಲೆ ತೂರಿಸಿಬಿಡುತ್ತಾರೆ. ಒಮ್ಮೆ ಒಬ್ಬ ಕುರಿ ಕಾಯುವವನು ಓಡಿಬಂದು ತನ್ನ ಕೊಡಪಾನವನ್ನೇ ಮುಂದೆ ಹಿಡಿದ.

"ನೀರು ಹಾಕ್ರಿ ಯಜಮಾನ್ರೆ, ತಣ್ಣಗಾಗ್ತೈತೆ."

"ಇದು ನೀರು ಕುಡಿಯಲ್ಲಪ್ಪ."

ಅವನು ಕಾರನ್ನು ನೋಡಿದ, ಬೆವರಿನಲ್ಲಿ ತೊಯ್ದ ಮಾವನನ್ನು ನೋಡಿದ, ಒಳಗೆ ದುಮುಗುಡುತ್ತಿದ್ದ ಅತ್ತೆಯನ್ನೂ ನೋಡಿದ. "ಹಂಗಾರೆ ಅಮ್ಮಾರ ತಲೆಗೆ ಸ್ವಲ್ಪ ಚಿಮುಕಿಸ್ರಿ!" ಎಂದ.

ಮಾವ ಸುಮ್ಮನೆ ಕೂರುವ ಆಸಾಮಿಯಲ್ಲ. ಫ್ಯಾನ್ ಬೆಲ್ಟ್ ಸಡಿಲವೇ? ಬಿಗಿ ಮಾಡಿಸಿದರು. ಎಂಜಿನ್ನಿನ ಪದರಗಳಲ್ಲಿ ಧೂಳು ಕೂತಿದೆಯೇ? ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿದರು. (ಯಾರ ಬ್ರಷ್ ಎಂದು ಕೇಳಬೇಡಿ. ನಾನು ಆ ವಾರ ಅವರ ಮನೆಯಲ್ಲೇ ಉಳಿದಿದ್ದೆ.) ಕೊನೆಗೆ ಚನ್ನಗಿರಿಯ ಮೆಕ್ಯಾನಿಕ್ ಒಬ್ಬರು ಉರಿಬಿಸಿಲಿನಲ್ಲಿ ಕೆರೆಬಿಳಚಿಯವರೆಗೆ ಓಡಿಸಿಕೊಂಡು ಹೋಗಿ ಬಂದರು. ಎಂಜಿನ್ ಸದ್ದಿಲ್ಲದೆ ಓಡಿತು. ಅವರು ಕೈ ಒರೆಸಿಕೊಳ್ಳುತ್ತ, "ಕಾರಿಗೇನೂ ಆಗಿಲ್ಲ ಸಾರ್, ಜಗಳೂರಿಗೇ ಏನೋ ಆಗೈತೆ" ಎಂದು ತೀರ್ಪು ಕೊಟ್ಟರು.

ಅತ್ತೆಗೆ ಬೇರೆ ತೀರ್ಪು ಬೇಕಿರಲಿಲ್ಲ. "ನನ್ನ ತವರಿನ ದಾರಿ ಕಂಡ್ರೆ ಮಾತ್ರ ಇದ್ರ ಮೈ ಉರಿಯೋದು ಹೆಂಗ್ರಿ? ನಿಮಗೆ ಬರಾಕೆ ಮನಸ್ಸಿಲ್ಲ, ಅದಕ್ಕೆ ಹೇಳ್ಕೊಟ್ಟೀರಿ!" ಮಾತು ತಮಾಷೆಯದಾದರೂ ಸಂಕಟ ನಿಜದ್ದು. ಅತ್ತೆಯ ಅವ್ವ ಜಗಳೂರಿನಲ್ಲಿ ಮಗ, ಸೊಸೆ, ಮೊಮ್ಮಕ್ಕಳ ಗದ್ದಲದ ನಡುವೆ ಸುಖವಾಗಿಯೇ ಇದ್ದಾರೆ. ಆದರೆ ಮಗಳು ಬರುತ್ತಾಳೆಂದರೆ ಅವಳ ಜೊತೆಗೇ ಉಣ್ಣಬೇಕೆಂಬ ಹಟ. ಕಾರು ಬೇವಿನ ಕೆಳಗೆ ನಿಂತಷ್ಟು ಹೊತ್ತೂ ಅಲ್ಲಿ ಮುದುಕಿ ಉಪವಾಸ! ಈ ಯುಗಾದಿ ಮುಗಿದ ಮಾರನೆಯ ದಿನ ನಾನೂ ಜೊತೆಯಾಗಿ ಹೊರಡುವಾಗ ಅತ್ತೆ ಖಡಾಖಂಡಿತವಾಗಿ ಹೇಳಿದರು: "ಇವತ್ತು ದಾರೀಲಿ ನಿಂತ್ರೆ ಈ ಕಾರು ಮಾರೋದೇ ಸೈ." ಮಾವನ ಮುಖ ಸಪ್ಪಗಾಯಿತು. ಕಾರಿನ ಬೆನ್ನು ಸವರುತ್ತ, "ಮಾನ ಉಳಿಸವ್ವಾ" ಎಂದರು.

ಉಳಿಸಲಿಲ್ಲ. ದಾವಣಗೆರೆ ದಾಟಿ ಸ್ವಲ್ಪ ದೂರಕ್ಕೇ ಅದೇ ವಾಸನೆ, ಅದೇ ಕೆಂಪು ದೀಪ. ಎಂದಿನಂತೆ ಮಾವ ಧಡಕ್ಕನೆ ಇಳಿಯಹೋದರು, ಆದರೆ ಕಾಲಿಗೆ ಜೋಮು ಹಿಡಿದು ಅಲ್ಲೇ ಕುಂಟತೊಡಗಿದರು. "ಏಯ್, ನೀನು ತೆಗೀಬ್ಯಾಡ, ನಾನು ಬರ್ತೀನಿ!" ಎಂದು ಕೂಗುವಷ್ಟರಲ್ಲಿ ನಾನು ಮುಚ್ಚಳ ಎತ್ತಿಯಾಗಿತ್ತು.

ಒಳಗೆ ಏನಿತ್ತು ಅಂತೀರಿ? ಮಡಿಸಿದ ಕೌದಿಯಲ್ಲಿ ಸುತ್ತಿಟ್ಟ ಒಂದು ಸ್ಟೀಲಿನ ಡಬ್ಬಿ! ಕೌದಿಯ ಒಂದು ಮಗ್ಗುಲು ಫ್ಯಾನಿನ ಬಾಯಿಗೆ ಪಟ್ಟಾಗಿ ಮೆತ್ತಿಕೊಂಡಿತ್ತು. ಗಾಳಿ ಕುಡಿದು ಬದುಕುವ ಋಷಿಯ ಬಾಯಿಗೆ ಯಾರೋ ಬಟ್ಟೆ ತುರುಕಿದ್ದರು. ಡಬ್ಬಿ ತೆರೆದರೆ ತುಪ್ಪದ ಘಮ. ಹಬೆಯಾಡುವ ಹೋಳಿಗೆ!

"ಮಾವ, ಪ್ರತಿ ಸಲನೂ ಇಲ್ಲೇ ಇಡ್ತಿದ್ರಾ?"

"ಹೂಂ. ನಿಂತ ಕೂಡ್ಲೇ ಮೊದ್ಲು ಅದನ್ನ ತೆಗೆದು ನೆರಳಲ್ಲಿಟ್ಟು, ಆಮೇಲೆ ರಿಪೇರಿ ನೋಡ್ತಿದ್ದೆ."

"ಅದೇ ಅಡ್ಡ ಕೂತಿರೋದು ಅಂತ ಹೊಳೀಲಿಲ್ವಾ?"

"ಅದು ಬುತ್ತಿ ಕಣೋ! ಎಂಜಿನ್ ಪಾರ್ಟ್ ಅಲ್ವಲ್ಲ!"

ಬೆಲ್ಟ್, ಧೂಳು, ಎಣ್ಣೆ ಎಲ್ಲದರ ಮೇಲೂ ಅನುಮಾನಪಟ್ಟ ಮನುಷ್ಯನಿಗೆ ಹೋಳಿಗೆಯ ಮೇಲೆ ಮಾತ್ರ ಅನುಮಾನ ಬಂದಿರಲಿಲ್ಲ. ನಾನು ಬಿದ್ದೂ ಬಿದ್ದೂ ನಕ್ಕೆ. ಅತ್ತೆ ಮೊದಲ ಬಾರಿಗೆ ಕಾರಿಳಿದು ಬಂದರು. ನಗಲಿಲ್ಲ.

"ಡಬ್ಬಿ ಮುಂದಿನ ಡಿಕ್ಕೀಲಿಟ್ಟೀನಿ ಅಂದಿದ್ರಿ. ಅಲ್ಲಿ ಹೋದ್ಮೇಲೂ ಹೋಳಿಗೆ ಬಿಸಿ ಹೆಂಗೈತೆ ಅಂದ್ರೆ ಜಗಳೂರಿನ ಬಿಸಿಲು ಅಂತಿದ್ರಿ!"

ಮಾವ ಜೋಮು ಬಿಟ್ಟ ಕಾಲನ್ನು ಸುಮ್ಮನೆ ತಿಕ್ಕುತ್ತ ನಿಂತರು. "ಮದುವೆಯಾದ ಹೊಸತರಲ್ಲಿ ನಾನೊಬ್ನೇ ನಿಮ್ಮೂರಿಗೆ ಬಂದಿದ್ದೆ, ನೆಪ್ಪೈತಾ? ಬಸ್ಸು ಕೆಟ್ಟು ಊಟದ ಹೊತ್ತು ಮೀರಿತ್ತು. ನಿಮ್ಮವ್ವ ಕಣಕ ಮುಚ್ಚಿಟ್ಟು, ಒಲೆ ಆರಿಸ್ದಂಗೆ ಕೂತಿದ್ರು. ನಾನು ಕೈಕಾಲು ತೊಳ್ದ ಮೇಲೆ ಹೋಳಿಗೆ ಹೆಂಚಿನಿಂದ ನೇರ ಎಲೆಗೆ ಹಾಕಿದ್ರು. ನಮ್ಮವ್ವ ನಾನು ಚಿಕ್ಕವನಿದ್ದಾಗ್ಲೇ ಹೋದ್ಳು, ನನಗೆ ಹಂಗೆ ಕಾದು ಬಡಿಸಿದೋರು ಯಾರೂ ಇರ್ಲಿಲ್ಲ. ಈಗ ಅವರಿಗೆ ಹಲ್ಲಿಲ್ಲ. ತಣ್ಣಂದು ಹೆಂಗೆ ಕೊಡ್ಲಿ?"

ಅತ್ತೆ ಡಬ್ಬಿಯನ್ನು ಎತ್ತಿಕೊಂಡು, ಸೆರಗಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಕೂತರು. ಎಂಜಿನ್ ತಣ್ಣಗಾದ ಮೇಲೆ ಹೊರಟ ಕಾರು ಮತ್ತೆ ಎಲ್ಲೂ ನಿಲ್ಲಲಿಲ್ಲ.

ಜಗಳೂರಿನ ಅಜ್ಜಿ ಬಾಗಿಲಲ್ಲೇ ಇದ್ದರು. ನನ್ನ ಬಾಯಿ ತಡೆಯಬೇಕಲ್ಲ! ಕೌದಿಯ ಕಥೆಯನ್ನೆಲ್ಲ ಹೊಸ್ತಿಲಲ್ಲೇ ಒದರಿಬಿಟ್ಟೆ. ಅವರು ಬೊಚ್ಚುಬಾಯಿ ಅಗಲಿಸಿ ನಕ್ಕರು. ಆಮೇಲೆ ಮಾವನ ಕೈ ಹಿಡಿದುಕೊಂಡು, "ಅಳಿಯಂದ್ರೆ, ಹೋಳಿಗೆ ಆರಿದ್ರೆ ಬಿಸಿ ಮಾಡ್ಕೋಬಹುದ್ರಿ. ನೀವು ಬರೋದು ತಡ ಆದ್ರೆ ನಾನೇನು ಮಾಡ್ಲಿ?" ಎಂದರು. ಮಾತಿನ ಮಲ್ಲ ಮಾವ ಕಣ್ಣೊರೆಸಿಕೊಂಡು ಧೂಳು ಬಿತ್ತೆಂದರು.

ನಾನು ಹಿಂತಿರುಗಿ ನೋಡಿದೆ. ಅತ್ತೆ ಇನ್ನೂ ಬಿಸಿಲಲ್ಲೇ ನಿಂತಿದ್ದರು. ಒಂದು ಕೈಯಲ್ಲಿ ಡಬ್ಬಿ. ಇನ್ನೊಂದು ಕೈಯನ್ನು ಮಗುಚಿ ಕಾರಿನ ಬೆನ್ನ ಮೇಲಿಟ್ಟಿದ್ದರು, ಥೇಟ್ ಮಾವನ ಹಾಗೆಯೇ.

"ಇನ್ನೂ ಬೆಚ್ಚಗೈತ್ರಿ," ಎಂದರು. "ಸ್ವಲ್ಪ ನೆರಳಿಗೆ ನಿಲ್ಸಿ ಬರ್ರಿ, ಪಾಪ."