ದೊಡ್ಡಮ್ಮನ ಸೊಟ್ಟ ಶಾಲು

ನಮ್ಮ ದೊಡ್ಡಮ್ಮನಿಗೆ ಶಿಕಾರಿಪುರದ ಒಬ್ಬರ ಮುಖವೂ ಸರಿಯಾಗಿ ಗೊತ್ತಿರಲಿಲ್ಲ ಎಂದರೆ ನೀವು ನಂಬುವುದಿಲ್ಲ. ಆದರೆ ಬೆನ್ನು? ಊರಿನ ಅಷ್ಟೂ ಬೆನ್ನುಗಳು ಅವಳಿಗೆ ಬಾಯಿಪಾಠ! ಎದುರಿಗೆ ಬಂದು ನಮಸ್ಕಾರ ಮಾಡಿದವನನ್ನು "ಯಾರಪ್ಪಾ ನೀನು?" ಎಂದು ಕೇಳುವಳು. ಪಾಪ, ಅವನು ಮುಖ ಸಣ್ಣ ಮಾಡಿಕೊಂಡು ತಿರುಗಿದನೋ ಇಲ್ಲವೋ, "ಅಯ್ಯೋ, ಈಸೂರು ಗೌಡ್ರ ಅಳಿಯ ಅಲ್ಲೇನೋ ನೀನು! ಬಾರೋ, ಚಾ ಕುಡದು ಹೋಗು" ಎಂದು ಕೂಗುವಳು.

ಇದಕ್ಕೆಲ್ಲ ಕಾರಣ ಅವಳು ಊರಿಗೆಲ್ಲ ಹೆಣೆದುಕೊಡುತ್ತಿದ್ದ ಶಾಲು. ದೊಡ್ಡಪ್ಪ ಶಿವಮೊಗ್ಗದಲ್ಲಿ ನೌಕರಿಯಲ್ಲಿದ್ದಾಗ ಪಕ್ಕದ ಮನೆಯ ನರ್ಸಮ್ಮನೊಬ್ಬಳು ದೊಡ್ಡಮ್ಮನ ಕೈಗೆ ಉಲ್ಲನ್ ಹೆಣೆಯುವ ಕ್ರೋಶಾ ಕಡ್ಡಿ ಕೊಟ್ಟಳಂತೆ. ದೊಡ್ಡಪ್ಪ ತೀರಿಕೊಂಡು ಅವಳು ನಮ್ಮ ಮನೆಗೆ ಬಂದಾಗಲೂ ಕಡ್ಡಿ ಕೈಯಲ್ಲೇ ಇತ್ತು, ಆಮೇಲೂ ಕೆಳಗಿಳಿಯಲಿಲ್ಲ. ಸಪಾಟು ಶಾಲು ಅವಳಿಗೆ ಆಗದು. "ಮುಟ್ಟಿದ್ರೆ ಕೈಗೆ ಏನಾರ ಸಿಗಬೇಕು" ಅನ್ನುವಳು. ಹಾಗಾಗಿ ಒಂದು ಶಾಲಿನಲ್ಲಿ ಜೇನುಗೂಡು, ಒಂದರಲ್ಲಿ ಕಡಲೆಕಾಳು, ಇನ್ನೊಂದರಲ್ಲಿ ಮುಳ್ಳುಮುಳ್ಳಾದ ಹಾಗಲಕಾಯಿ ಮೈ!

"ಅಳತಿ ನಿಮ್ದು, ಬಣ್ಣ ನಿಮ್ದು" ಎಂದು ಎಲ್ಲರಿಗೂ ಹೇಳುತ್ತಿದ್ದಳು. ಹೇಳುತ್ತಿದ್ದಳು, ಅಷ್ಟೇ! ಸ್ಕೂಲಿನ ಮೇಷ್ಟ್ರೊಬ್ಬರು ಬೂದಿ ಬಣ್ಣ ಕೇಳಿದ್ದರು. ಸಿಕ್ಕಿದ್ದು ಗಿಣಿ ಹಸಿರು.

"ಅಮ್ಮಾರೇ, ನಾನು ಹೇಳಿದ್ದು ಬೂದಿ ಬಣ್ಣರೀ!"

"ಗೋಡಿ ಯಾವುದು, ಮೇಷ್ಟ್ರು ಯಾವುದು ಅಂತ ಹುಡುಗ್ರಿಗೆ ಗೊತ್ತಾಗಬೇಕೋ ಬ್ಯಾಡ್ವೋ? ಹೊದ್ಕೊಳ್ರಿ ಸುಮ್ನೆ."

ಮೇಷ್ಟ್ರು ಹೊದ್ದರು. ಎದುರು ಮಾತಾಡುವ ಧೈರ್ಯ ಯಾರಿಗಿತ್ತು?

ಅಳತೆಗೆ ಟೇಪು ಮುಟ್ಟುತ್ತಿರಲಿಲ್ಲ. ಗೇಣೇ ಗತಿ. ಅದೂ ಹೇಳದೆ ಕೇಳದೆ! ಸಂತೆಯಲ್ಲಿ ಯಾರೋ ಹೆಂಗಸು ಮೆಣಸಿನಕಾಯಿ ಆರಿಸುತ್ತ ಕುಳಿತಿದ್ದಾಳೆ, ಹಿಂದಿನಿಂದ ಬೆನ್ನ ಮೇಲೆ ಒಂದು ಕೈ ಹುಳದ ಹಾಗೆ ಹರಿದಾಡಿದರೆ ಆ ತಾಯಿಯ ಗತಿ ಏನು? ಅವಳು ಕಿಟಾರನೆ ಕಿರುಚಿಕೊಂಡರೆ ದೊಡ್ಡಮ್ಮ, "ಸುಮ್ನೆ ಕುಂದ್ರವ್ವಾ, ಇನ್ನೊಂದು ಗೇಣು ಐತಿ" ಎಂದು ಗದರಿಸುತ್ತಿದ್ದಳು. ಜೊತೆಗಿದ್ದ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸುತ್ತಿತ್ತು.

ಇಂಥವಳು ಇರುವ ಮನೆಗೆ ನನ್ನನ್ನು ನೋಡಲು ಸೊರಬದಿಂದ ಗಂಡಿನ ಕಡೆಯವರು ಬಂದರು. ರಾಜ್ಯ ಒಂದಾಗಿ ಒಂದೆರಡು ವರ್ಷವಾಗಿತ್ತೇನೋ. ಹುಡುಗ ಕರಿ ಕೋಟು ಹಾಕಿಕೊಂಡು ಬಂದಿದ್ದ. ಉಪ್ಪಿಟ್ಟು ಚೆನ್ನಾಗಿದೆ ಎಂದು ಅಡುಗೆಮನೆಗೆ ಕೇಳುವ ಹಾಗೆ ಹೇಳಿದ. ಮಾಡಿದ್ದು ನಾನು! ನನಗಂತೂ ಹುಡುಗ ಬಹಳ ಹಿಡಿಸಿಬಿಟ್ಟ. ಹಾಗಂತ ಬಾಯಿಬಿಟ್ಟು ಹೇಳುವ ಕಾಲವೇ ಅದು? ಹೊರಡುವಾಗ ಅವನು ಬಗ್ಗಿ ಚಪ್ಪಲಿ ಮೆಟ್ಟುತ್ತಿದ್ದ. ದೊಡ್ಡಮ್ಮ ಬಿಟ್ಟಾಳೆಯೇ? ಗೇಣು ಹಾಕಿಯೇಬಿಟ್ಟಳು! ಹುಡುಗ ಬೆಚ್ಚಿಬಿದ್ದ. ಈ ಸಂಬಂಧ ಕೈತಪ್ಪಿತು ಎಂದುಕೊಂಡೆ. ಆದರೆ ಪುಣ್ಯಕ್ಕೆ ಒಪ್ಪಿಗೆಯೆಂದು ಹೇಳಿ ಕಳಿಸಿದರು.

ನಮ್ಮಲ್ಲಿ ನಿಶ್ಚಿತಾರ್ಥದ ದಿನ ಹೆಣ್ಣಿನ ತಂದೆ ಗಂಡಿಗೆ ಶಾಲು ಹೊದೆಸಬೇಕು. "ಅಂಗಡಿ ಶಾಲು ತಂದ್ರೆ ನೋಡು!" ಎಂದು ದೊಡ್ಡಮ್ಮ ಅಪ್ಪನಿಗೆ ಎಚ್ಚರಿಕೆ ಕೊಟ್ಟು ಕುಂಕುಮ ಬಣ್ಣದ ಉಲ್ಲನ್ ತರಿಸಿ ಹಾಗಲಕಾಯಿ ಹೆಣಿಗೆ ಹಿಡಿದು ಕುಳಿತಳು. ಮುಗಿದ ಮೇಲೆ ಅಮ್ಮ ಅದನ್ನು ಹಾಸಿ ನೋಡಿದವಳು ಎದೆ ಮೇಲೆ ಕೈ ಇಟ್ಟುಕೊಂಡಳು. ಒಂದು ಕಡೆ ಇನ್ನೊಂದು ಕಡೆಗಿಂತ ಗೇಣುದ್ದ ಹೆಚ್ಚು!

"ಅಕ್ಕಾ, ಸೊಟ್ಟ ಆಗೈತಲ್ರೀ!"

"ಸೊಟ್ಟ ಅಲ್ಲ, ಅದು ಅಳತಿ."

ವಯಸ್ಸಾಯಿತು, ಕಣ್ಣು ಮಂದವಾಯಿತು ಎಂದು ಅಪ್ಪ ಅಮ್ಮ ಗುಸುಗುಸು ಮಾತಾಡಿಕೊಂಡರು. ಅಪ್ಪ ಗುಟ್ಟಾಗಿ ಅಂಗಡಿಯಿಂದ ಬೇರೆ ಶಾಲು ತಂದು, ದೊಡ್ಡಮ್ಮನದನ್ನು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟರು.

ನಿಶ್ಚಿತಾರ್ಥದ ದಿನ ಹುಡುಗ ಕೋಟು ಬಿಚ್ಚಿ, ಪಂಚೆ ಅಂಗಿಯಲ್ಲಿ ಮಣೆಯ ಮೇಲೆ ಕುಳಿತ. ಅಪ್ಪ ಅಂಗಡಿ ಶಾಲು ಹೊದೆಸಿದರು. ಎಡಗಡೆಯಿಂದ ಜಾರಿ ಬಿತ್ತು. ಮತ್ತೆ ಹೊದೆಸಿದರು. ಮತ್ತೆ ಜಾರಿತು! "ಅಪಶಕುನ" ಎಂದು ಯಾರೋ ಪಿಸುಗುಟ್ಟಿದರು. ಹುಡುಗ ತಲೆ ತಗ್ಗಿಸಿದ. ಅವನ ತಾಯಿಯ ಮುಖ ಬಿಳಚಿಕೊಂಡಿತು. ಸಂಬಂಧ ಮುರಿದೇ ಹೋಯಿತಲ್ಲಪ್ಪಾ!

ಅಷ್ಟರಲ್ಲಿ ದೊಡ್ಡಮ್ಮ ಅಕ್ಕಿ ಧೂಳು ಮೆತ್ತಿದ ತನ್ನ ಶಾಲನ್ನು ಕೊಡವುತ್ತ, ಜನರನ್ನು ಮೊಣಕೈಯಲ್ಲಿ ತಳ್ಳಿಕೊಂಡು ಬಂದಳು. ಉದ್ದದ ಕಡೆ ಬಲಕ್ಕೆ, ಹಾಗಲಕಾಯಿ ಮುಳ್ಳು ಒಳಗೆ. ಶಾಲು ಅಂಗಿಯನ್ನು ಗಪ್ಪನೆ ಹಿಡಿದುಕೊಂಡಿತು. ಅಂಚುಗಳೆರಡೂ ಸಮ ಕೂತವು! ಆಗಲೇ ನಮಗೆಲ್ಲ ಕಂಡಿದ್ದು: ಹುಡುಗನ ಎಡ ಹೆಗಲು ಬಲಕ್ಕಿಂತ ತಗ್ಗು.

ಅವನ ತಾಯಿ ಅತ್ತೇಬಿಟ್ಟರು. "ಸಣ್ಣವನಿದ್ದಾಗ ಹುಣಸೆ ಮರದಿಂದ ಬಿದ್ದಿದ್ದ ಮಾರಾಯ್ರೇ. ಕೋಟಿನೊಳಗೆ ಹತ್ತಿ ಇಟ್ಟು ಹೊಲಿಸಿದ್ದೆ. ಹೇಳೋಣ ಹೇಳೋಣ ಅಂತ್ಲೇ ಇದ್ದೆ, ಬಾಯಿ ಬರ್ಲಿಲ್ಲ. ಇನ್ನು ನೀವು ಹೇಳಿದ ಹಾಗೆ."

ಎಲ್ಲರೂ ಅಪ್ಪನನ್ನು ನೋಡಿದರು. ಅಪ್ಪ ಕೈಯಲ್ಲಿದ್ದ ಅಂಗಡಿ ಶಾಲನ್ನು ನೋಡಿದರು, ದೊಡ್ಡಮ್ಮನನ್ನು ನೋಡಿದರು, ಗಂಟಲು ಸರಿಮಾಡಿಕೊಂಡರು.

"ನಾವೂ ಒಂದು ಶಾಲು ಮುಚ್ಚಿಟ್ಟಿದ್ವಿ ಬಿಡ್ರಮ್ಮ. ಅಲ್ಲಿಗಲ್ಲಿಗೆ ಸರಿ ಆತು. ವೀಳ್ಯ ತಗೊಳ್ರಿ."

ಮನೆಯೆಲ್ಲ ಗೊಳ್ಳೆಂದಿತು. ಹುಡುಗನೂ ತಲೆ ಎತ್ತಿ ನಕ್ಕ. ಹೋದ ಜೀವ ಬಂದ ಹಾಗಾಗಿ ನಾನು ಕಂಬಕ್ಕೆ ಒರಗಿಕೊಂಡೆ.

ಸಂಜೆ ಬೀಗರು ಹೋದ ಮೇಲೆ ದೊಡ್ಡಮ್ಮನ ಹತ್ತಿರ ಹೋಗಿ ಕೇಳಿದೆ, "ಅವತ್ತು ಅವ್ರು ಚಪ್ಪಲಿ ಮೆಟ್ಟುವಾಗಲೇ ಕೋಟಿನ ಹತ್ತಿ ನಿಮ್ಮ ಕೈಗೆ ಸಿಕ್ಕಿತ್ತಲ್ಲ? ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಆವತ್ತೇ ನಿಮ್ಮಪ್ಪ ಬ್ಯಾಡ ಅಂತಿದ್ದ" ಎಂದಳು, ಕಡ್ಡಿಯಿಂದ ಕಣ್ಣೆತ್ತದೆ. "ಅವ್ರು ಬಸ್ ಹತ್ತಿ ಹೋದ ಮ್ಯಾಲೆ ನೀನು ಬಾಗ್ಲತ್ರ ನಿಂತಿದ್ದಿ. ಧೂಳು ಅಡಗಿದ್ರೂ ನಿಂತಿದ್ದಿ. ಅದನ್ನ ನೋಡಿದ ಮ್ಯಾಲೆ ಹೆಂಗವ್ವಾ ಹೇಳ್ಲಿ?"

ನನಗೆ ತಡೆಯಲಾಗಲಿಲ್ಲ. ಅವಳ ತೊಡೆಯ ಮೇಲೆ, ಆ ಉಲ್ಲನ್ ಉಂಡೆಗಳ ಮೇಲೇ ಮುಖವಿಟ್ಟು ಜೋರಾಗಿ ಅತ್ತುಬಿಟ್ಟೆ.

"ಏಳವ್ವಾ ಏಳು, ಉಲ್ಲನ್ ಒದ್ದಿ ಆಗ್ತೈತಿ" ಎಂದು ಗದರಿಸಿದಳು. ನನ್ನ ತಲೆಯ ಮೇಲಿಟ್ಟ ಕೈಯನ್ನು ಮಾತ್ರ ಬಹಳ ಹೊತ್ತು ತೆಗೆಯಲಿಲ್ಲ.